ಮನೆಯೊಳಗಿನ ಕಾಲೋ, ಬೀದಿಯ ಕಾಲೋ?

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಹಿಂಬದಿಯ ಕಾರ್ಯಾಗಾರದಲ್ಲಿ ಆಕೆ ಮೇಜಿನ ಮೇಲೆ ಎರಡು ಕೃತಕ ಮಂಡಿಗಳನ್ನಿಟ್ಟುಕೊಂಡು ನೋಡುತ್ತಿದ್ದಾರೆ. ಒಂದನ್ನು ಎತ್ತಿಕೊಳ್ಳುತ್ತಾರೆ, ಇಡುತ್ತಾರೆ, ಕಿಟಕಿಯವರೆಗೆ ಹೋಗಿ ಬರುತ್ತಾರೆ. ಚಹಾ ಆರಿ ತಣ್ಣಗಾಗಿದೆ. ಇಪ್ಪತ್ತು ವರ್ಷಗಳಿಂದ ಕೃತಕ ಕಾಲು ಜೋಡಿಸುತ್ತಿರುವ ಈ ತಂತ್ರಜ್ಞೆಯನ್ನು ಎಲ್ಲರೂ ಕರೆಯುವುದು ಕಾಲಕ್ಕ ಎಂದೇ. ಕೂತಲ್ಲಿ ಕೂರುವವರಲ್ಲ, ನಿಂತಲ್ಲಿ ನಿಲ್ಲುವವರಲ್ಲ. ಮಾತಾಡಿಸಲು ಹೋದ ನಾನೂ ಕಾಲಿಗೆ ಚಕ್ರ ಕಟ್ಟಿಕೊಂಡು ಅವರ ಹಿಂದೆ ಸುತ್ತುತ್ತಿದ್ದೇನೆ.

ಒಂದು ಮಂಡಿಗೆ ನಿಂತಾಗ ಬೀಗ ಬೀಳುತ್ತದೆ. ಕಾಲು ಕೋಲಿನಂತೆ ನೆಟ್ಟಗೆ. ಬೀಳುವ ಭಯ ಕಡಿಮೆ, ಆದರೆ ನಾಲ್ಕು ಹೆಜ್ಜೆಗೇ ಸುಸ್ತು. ಇನ್ನೊಂದು ನಡೆಯುವಾಗ ಮಡಚುತ್ತದೆ. ಬೀದಿ ಸುತ್ತಬಹುದು, ಎಚ್ಚರ ತಪ್ಪಿದರೆ ಮುಗ್ಗರಿಸಲೂಬಹುದು. ಯಾರ ಓಡಾಟ ಎಷ್ಟು ಎಂದು ಅಳೆದು ಮಂಡಿ, ಪಾದ ಆರಿಸುವುದು ಕಾಲಕ್ಕನ ಕೆಲಸ.

"ಅಳೆಯೋದೇ ಕಷ್ಟ ನೋಡಿ. ಗಂಡಸರು ಜಂಬಕ್ಕೆ ದಾಪುಗಾಲು ಹಾಕ್ತಾರೆ. ಹೆಂಗಸರು ಮಗ ನೋಡ್ತಿದಾನೆ ಅಂತ ಇರುವೆ ಥರ ನಡೀತಾರೆ. ಎರಡನ್ನೂ ನಂಬೋ ಹಾಗಿಲ್ಲ."

"ಮದುವೆಮನೆಗೆ ಹೋದ್ರೂ ಇವಳು ಜನರ ಮುಖ ನೋಡಲ್ಲ, ಮಂಡಿ ನೋಡ್ತಾಳೆ" ಎಂಬುದು ಗಂಡನ ದೂರು.

ಇವತ್ತಿನ ಚಡಪಡಿಕೆಗೆ ಕಾರಣ ಒಂದು ಕಾಲು ಕಳೆದುಕೊಂಡ ಒಬ್ಬ ಅಜ್ಜಿ. ಮೊನ್ನೆ ಮಗನ ಜೊತೆ ಬಂದು, ಗೋಡೆ ಹಿಡಿದು ನಡೆದು ತೋರಿಸಿದ್ದರು. "ಅಮ್ಮ ಮನೆ ಬಿಟ್ಟು ಎಲ್ಲೂ ಹೋಗಲ್ಲ" ಎಂದಿದ್ದ ಮಗ. ಆದರೆ ಅವರ ಊರುಗೋಲಿನ ತುದಿಯ ರಬ್ಬರಿನಲ್ಲಿ ಬೀದಿಯ ಜಲ್ಲಿ ಸಿಕ್ಕಿಕೊಂಡಿತ್ತು. ಮಗ ಆಚೆ ಹೋದಾಗ ಕಾಲಕ್ಕ ಮೆಲ್ಲಗೆ ಕೇಳಿದ್ದಾರೆ. ಅಜ್ಜಿ ಪಿಸುಗುಟ್ಟಿದ್ದಾರೆ: "ಹಿಂದಿನ ಬೀದೀಲಿ ನನ್ನ ತಂಗಿ ಇದಾಳೆ. ಅವಳಿಗೂ ಇವನಿಗೂ ಮಾತಿಲ್ಲ. ಇವನು ಕೆಲಸಕ್ಕೆ ಹೋದ್ಮೇಲೆ ಹೋಗಿ ಬರ್ತೀನಿ. ಊರುಗೋಲು ಊರಿ ಊರಿ ಭುಜ ಬಿದ್ದೋಗಿದೆ ಕಣಮ್ಮ. ಬಾಯಿ ಬಿಟ್ಟೀಯ, ಜೋಕೆ!"

ಬಾಯಿ ಬಿಟ್ಟರೆ ಅಜ್ಜಿಗೆ ದ್ರೋಹ. ಬಿಡದಿದ್ದರೆ ಬೀಗದ ಮಂಡಿ, ತಂಗಿಯ ಮನೆಯ ದಾರಿ ಬಂದ್. "ನಿದ್ದೆ ಎಲ್ಲಿಂದ ಬರ್ಬೇಕು ಹೇಳಿ?" ಎನ್ನುತ್ತಾರೆ ಕಾಲಕ್ಕ.

ಒಂಬತ್ತಕ್ಕೆ ತಾಯಿ, ಮಗ ಬರುತ್ತಾರೆ. ಕಾಲಕ್ಕ ಮಡಚುವ ಮಂಡಿಯನ್ನೇ ಎತ್ತಿಕೊಳ್ಳುತ್ತಾರೆ.

"ಇದ್ರಲ್ಲಿ ಬೀಳಲ್ವಾ?" ಮಗ ಸಿಡುಕುತ್ತಾನೆ.

"ಬೀಳಬಹುದು. ಅಭ್ಯಾಸ ಮಾಡಿಸ್ತೀನಿ."

"ಮನೇಲಿರೋರಿಗೆ ಇದೆಲ್ಲ ಯಾಕೆ? ಬೀಗದ್ದೇ ಹಾಕಿ."

ಕಾಲಕ್ಕ ತುಟಿ ಕಚ್ಚಿಕೊಂಡು ಅಜ್ಜಿಯತ್ತ ನೋಡುತ್ತಾರೆ. ಅಯ್ಯೋ ಅಜ್ಜಿ, ಹೇಳಬಾರದೇ ಎಂದು ಕೂಗಿಬಿಡೋಣ ಅನ್ನಿಸುತ್ತದೆ ನನಗೆ.

"ನಾನೆಲ್ಲೋ ಮನೇಲಿರ್ತೀನಿ?" ಅಜ್ಜಿ ತಲೆಯೆತ್ತುತ್ತಾರೆ. "ದಿನಾ ನಿನ್ನ ಚಿಕ್ಕಮ್ಮನ ಮನೆಗೆ ಹೋಗ್ತೀನಿ. ಇನ್ಮೇಲೂ ಹೋಗ್ತೀನಿ."

ಮಗನ ಮುಖ ಕೆಂಪಾಗುತ್ತದೆ. ಕಿಟಕಿಯತ್ತ ತಿರುಗಿ ನಿಲ್ಲುತ್ತಾನೆ. ಕೊನೆಗೆ, ತಿರುಗದೆಯೇ, ಕಾಲಕ್ಕನನ್ನು ಕೇಳುತ್ತಾನೆ: "ಆ ಮನೆ ಮೆಟ್ಟಿಲು ತುಂಬಾ ಎತ್ತರ. ಹತ್ತೋಕಾಗುತ್ತಾ ಇದ್ರಲ್ಲಿ?"

"ಮೊದಮೊದಲು ಕೈ ಹಿಡ್ಕೊಳ್ಳೋಕೆ ಒಬ್ರು ಬೇಕು" ಎನ್ನುತ್ತಾರೆ ಕಾಲಕ್ಕ, ತಿರುಪು ಬಿಗಿಯುತ್ತಾ. "ನೀವೇ ಹೋಗಿ."