ದೀಕ್ಷಾಳ ಕನ್ನಡಕ ಮತ್ತು ಸ್ವಾಮಿ ಒಪ್ಪದ ನನ್ನ ಹರಕೆ

ನನ್ನ ಅಕ್ಕನ ಮಗಳು ದೀಕ್ಷಾಗೆ ಎಂಟು ವರ್ಷ. ದೂರದ್ದು ಕಾಣುವುದಿಲ್ಲ, ಆರಾರು ತಿಂಗಳಿಗೊಮ್ಮೆ ಕನ್ನಡಕದ ನಂಬರ್ ಏರುತ್ತಿತ್ತು. ಜೊತೆಗೆ, ದಣಿದಾಗ ಎಡಗಣ್ಣು ತಾನಾಗಿ ಹೊರಗೆ ಸರಿಯುತ್ತದೆ. ಮೆಳ್ಳೆಗಣ್ಣು ಅದೃಷ್ಟದ ಗುರುತಂತೆ. ಹಾಗನ್ನುವವರ ಕಣ್ಣೆಲ್ಲ ನೆಟ್ಟಗೇ ಇರುತ್ತವೆ.

ನಾನು ಪಿರಿಯಾಪಟ್ಟಣದವನು, ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಬಸ್ ಕಂಡಕ್ಟರ್, ಹಳೆಯ ಹೆಡ್‌ಮಾಸ್ಟರ್, ಬೀಗರೂಟದಲ್ಲಿ ಉಪ್ಪು ಹುಡುಕುವ ಸೋದರತ್ತೆ, ಯಾರನ್ನೂ ಬಿಟ್ಟವನಲ್ಲ. ನನ್ನ ಸ್ವಂತ ದನಿ ಯಾವುದೆಂದು ನನಗೇ ಗುಮಾನಿ. ಒಮ್ಮೆ ನೆಂಟರೆದುರು ದೀಕ್ಷಾ ನೋಡುವ ರೀತಿಯನ್ನೂ ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಅವಳು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಳು.

“ನಿಂಗೆ ನಾಚ್ಕೆ ಆಗಕ್ಕಿಲ್ವೇನ್ಲಾ?” ಎಂದಳು ಸವಿತಕ್ಕ, ಅವಳ ತಾಯಿ.

ಹೋದ ವರ್ಷದ ಆಷಾಢದಲ್ಲಿ ಮೈಸೂರಿನ ಕಣ್ಣಿನ ಡಾಕ್ಟರಮ್ಮ ಹೊಸ ಬಗೆಯ ಕನ್ನಡಕ ಬರೆದುಕೊಟ್ಟರು. ಗಾಜಿನ ನಡುಭಾಗ ತಿಳಿ, ಸುತ್ತ ಕಂಡೂ ಕಾಣದಂಥ ಪುಟ್ಟ ಬೊಟ್ಟುಗಳು. ನಂಬರ್ ಏರುವುದನ್ನು ಇದು ನಿಧಾನ ಮಾಡುತ್ತದಂತೆ. “ಕಣ್ಣು ಓರೆ ಇರೋ ಮಕ್ಕಳಲ್ಲಿ ಎಷ್ಟು ಕೆಲಸ ಮಾಡುತ್ತೆ ಅಂತ ಗ್ಯಾರಂಟಿ ಕೊಡಲ್ಲ. ಪ್ರಯತ್ನ ಪಡೋಣ,” ಎಂದರು.

ಆರು ತಿಂಗಳಾದ ಮೇಲೆ ನೋಡಿದರೆ ಮತ್ತೆ ಮುಕ್ಕಾಲು ನಂಬರ್ ಏರಿತ್ತು. “ತಿಂಗಳು ಬಿಟ್ಟು ಬನ್ನಿ. ಇದು ಇವಳಿಗೆ ಒಗ್ಗುತ್ತಿಲ್ಲವೇನೋ,” ಎಂದರು. ವಾಪಸ್ ಬಸ್ಸಿನಲ್ಲಿ ಹುಣಸೂರು ದಾಟುವವರೆಗೆ ಸವಿತಕ್ಕ ಡಾಕ್ಟರ ಚೀಟಿಯನ್ನೇ ಮಡಿಸಿ ಬಿಚ್ಚುತ್ತಿದ್ದಳು. ಆಮೇಲೆ, “ಈ ಮಗು ಓದೋದಾದ್ರೂ ಎಂಗ್ಲಾ?” ಎಂದಳು.

ಮರುಸೋಮವಾರ ಬೆಟ್ಟದಪುರದ ಬೆಟ್ಟ ಬರಿಗಾಲಲ್ಲಿ ಹತ್ತಿದೆ. ಅರ್ಧಕ್ಕೇ ಏದುಸಿರು, ನನ್ನನ್ನು ಅಣಕಿಸುವವರು ಯಾರಾದರೂ ಇದ್ದಿದ್ದರೆ ಒಳ್ಳೆಯ ಐಟಂ ಸಿಗುತ್ತಿತ್ತು. ಮಲ್ಲಿಕಾರ್ಜುನಸ್ವಾಮಿಯ ಮುಂದೆ ಕೈಮುಗಿದು, “ಈ ಮಗೂನ ಇನ್ನು ಯಾವತ್ತೂ ಅಣಕಿಸಲ್ಲ. ಇವಳ ಕಣ್ಣು ಕಾಪಾಡಪ್ಪ,” ಎಂದು ಹರಕೆ ಕಟ್ಟಿಕೊಂಡೆ.

ತಿಂಗಳಾದ ಮೇಲೆ ಮತ್ತೆ ಆಸ್ಪತ್ರೆ. ಡಾಕ್ಟರ ಮುಂದೆ ದೀಕ್ಷಾ ಫೋಟೋಗೆ ಕೂತವಳ ಹಾಗೆ ನೆಟ್ಟಗೆ ಕೂತಳು. ಕಣ್ಣೂ ಸರಿಯಲಿಲ್ಲ, ಕನ್ನಡಕವೂ ಜಾರಲಿಲ್ಲ.

“ಮನೇಲಿ ಹಾಕ್ಕೊಳ್ತಾಳಾ?”

“ಮಲಗೋ ತನ್ಕ ತೆಗಿಯಾಕಿಲ್ಲ ಮೇಡಂ,” ಎಂದಳು ಅಕ್ಕ. ನಿಜವೇ.

“ಹೇಗೆ ನೋಡ್ತಾಳೆ?”

ಅಕ್ಕ ನನ್ನ ಮುಖ ನೋಡಿದಳು. ದೀಕ್ಷಾ ನನ್ನ ತೋಳು ಜಗ್ಗಿ, “ಮಾವ, ನಾನು ಟಿವಿ ನೋಡೋದು ಮಾಡಿ ತೋರ್ಸು,” ಎಂದಳು.

“ಹರಕೆ ಕಣೇ. ಮಾಡಂಗಿಲ್ಲ.”

“ನಾನೇ ಹೇಳ್ತಾ ಇವ್ನಿ, ಮಾಡು.”

ಅವಳ ಕನ್ನಡಕ ಇಸಿದುಕೊಂಡು ಮೂಗಿನ ತುದಿಗೆ ಜಾರಿಸಿದೆ. ಗದ್ದ ಎದೆಗೆ ಒತ್ತಿ, ಫ್ರೇಮಿನ ಮೇಲಿನಿಂದ ಇಣುಕಿ, ಎಡಗಣ್ಣು ಹೊರಗೆ ಬಿಟ್ಟೆ. ಡಾಕ್ಟರು ನಕ್ಕರು. ನಗು ಅರ್ಧಕ್ಕೇ ನಿಂತಿತು.

“ಇನ್ನೊಂದ್ಸಲ ಮಾಡಿ.”

ಮಾಡಿದೆ.

“ಅವಳು ಗಾಜಿನೊಳಗಿಂದ ನೋಡ್ತಾನೇ ಇಲ್ವಲ್ರೀ. ಇಷ್ಟು ದೊಡ್ಡ ಫ್ರೇಮ್ ಯಾರು ಆರಿಸಿದ್ದು?”

“ಬೆಳೆಯೋ ಮಗು ಅಲ್ವಾ ಮೇಡಂ,” ಎಂದಳು ಅಕ್ಕ ಸಣ್ಣ ದನಿಯಲ್ಲಿ. ಯೂನಿಫಾರ್ಮ್ ಕೊಳ್ಳುವ ಹಾಗೆಯೇ ಮುಂದಿನ ವರ್ಷಕ್ಕೂ ಆಗಲೆಂದು ಒಂದು ಸೈಜ್ ದೊಡ್ಡದು ಕೊಂಡಿದ್ದಳು. ಪಕ್ಕದಲ್ಲಿ ನಿಂತು ತಲೆಯಾಡಿಸಿದವನು ನಾನೇ.

ಡಾಕ್ಟರು ಕಣ್ಣು ಎಷ್ಟು ಓರೆಯಾಗುತ್ತದೆಂದು ಮತ್ತೆ ಅಳೆದರು. ಅವಳ ಪುಟ್ಟ ಮುಖಕ್ಕೆ ತಕ್ಕ ಫ್ರೇಮ್ ಬರೆದು, ಜಾರದಂತೆ ಹಿಂದೆ ಒಂದು ಪಟ್ಟಿ ಹಾಕಿಸಿ, ಗಾಜಿನ ನಡುಭಾಗ ಸರಿಯಾಗಿ ಪಾಪೆಯ ಎದುರಿಗೇ ಬರುವಂತೆ ಗುರುತು ಹಾಕಿಸಿದರು.

ಈ ಶ್ರಾವಣದಲ್ಲಿ ಮತ್ತೆ ಕಣ್ಣಿನ ಪರೀಕ್ಷೆಯಾಯಿತು. ಡಾಕ್ಟರು ಎರಡೆರಡು ಸಲ ನೋಡಿ, “ಏರಿಲ್ಲ. ಆದ್ರೂ ಬರ್ತಾ ಇರಿ,” ಎಂದರು. ಎಡಗಣ್ಣು ಈಗಲೂ ಒಮ್ಮೊಮ್ಮೆ ಸರಿಯುತ್ತದೆ, ಅದಕ್ಕೆ ಬೇರೆ ಚಿಕಿತ್ಸೆ ನಡೆದಿದೆ. ಹೊರಗಿನ ಬೆಂಚಿನ ಮೇಲೆ ಸವಿತಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. “ಅವ್ವನ್ನ ಅಣಕ ಮಾಡ್ಬೇಡ ಮಾವ, ಈಗ,” ಎಂದಳು ದೀಕ್ಷಾ. ಮಾಡುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ.

ಬಂಧುಗಳೇ, ಬಿಟ್ಟುಬಿಡುತ್ತೇನೆಂದು ನಾನು ಸ್ವಾಮಿಗೆ ಒಪ್ಪಿಸಿದ ಚಾಳಿಯನ್ನು ಅವನು ತೆಗೆದುಕೊಳ್ಳಲಿಲ್ಲ. ಆ ಮಗುವಿನ ಬಾಯಿಂದಲೇ ಅದನ್ನು ಕೇಳಿಸಿ ಕೆಲಸಕ್ಕೆ ಹಚ್ಚಿದ. ಅವನು ಮೊರೆ ಕೇಳುತ್ತಾನೆ ಎಂಬುದರಲ್ಲಿ ನನಗೆ ಈಗ ಎಳ್ಳಷ್ಟೂ ಅನುಮಾನವಿಲ್ಲ. ಅವನ ಪಾದಕ್ಕೆ ನಮ್ಮ ಮೂವರ ನಮಸ್ಕಾರ, ಇದು ನನ್ನ ಸ್ವಂತ ದನಿಯಲ್ಲೇ.