ಹೆಡ್‌ಫೋನಿನಲ್ಲಿ ಕೇಳಿದ ಉಸಿರು

ಸತ್ತವರು ಬಂದರು, ಮಾತಾಡಿಸಿದರು ಎಂದು ಯಾರಾದರೂ ಹೇಳಿದರೆ ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ. ಪಾಪ, ದುಃಖದಲ್ಲಿದ್ದಾರೆ ಅಂದುಕೊಳ್ಳುತ್ತಿದ್ದೆ. ನನ್ನ ಬಗ್ಗೆ ನೀವೂ ಹಾಗೆಯೇ ಅಂದುಕೊಂಡರೆ ತಕರಾರಿಲ್ಲ.

ಕೆಲವು ವರ್ಷಗಳ ಹಿಂದೆ, ಮಳೆಗಾಲದಲ್ಲಿ, ನನ್ನ ಹೆಂಡತಿ ಸುಮಿತ್ರಾ ಪರೇಲಿನ ಆಸ್ಪತ್ರೆಯಲ್ಲಿ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡಳು. ಹತ್ತೊಂಬತ್ತು ದಿನ ಅವಳ ಮಂಚದ ಪಕ್ಕ ಕುಳಿತು ಆಕ್ಸಿಜನ್ ಮಾಸ್ಕಿನೊಳಗಿನ ಅವಳ ಉಸಿರು ಕೇಳಿದ್ದೆ. ಎಳೆದುಕೊಳ್ಳುವಾಗ ಸಣ್ಣಗೆ ಸಿಳ್ಳೆಯಂಥ ಸದ್ದು, ಬಿಡುವಾಗ ನಡುವೆ ಒಂದು ತಡೆ. ಇಪ್ಪತ್ತನೆಯ ಬೆಳಿಗ್ಗೆ ಚಹಾ ಕುಡಿಯಲು ಕ್ಯಾಂಟೀನಿಗೆ ಇಳಿದೆ. ಮೇಲೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪುಣೆಯಿಂದ ಓಡಿಬಂದ ಮಗಳು ಅನಘಾಳಿಗೆ, "ಕೊನೀತನಕಾ ಕೈ ಹಿಡಕೊಂಡೇ ಇದ್ದೆ ಅನೂ," ಎಂದುಬಿಟ್ಟೆ. ಆಮೇಲೆ ಅವಳ ಮುಖ ನೋಡಿ ಮಾತಾಡುವುದೇ ಕಷ್ಟವಾಯಿತು.

ಡಿಸೆಂಬರಿನಲ್ಲಿ ಸುಧಾಕರ ಮನೆಗೆ ಬಂದ. ಉಡುಪಿ ಕಡೆಯವನು, ಚೆಂಬೂರಿನ ಶಾಲೆಯಲ್ಲಿ ನನ್ನ ಜೊತೆ ಓದಿದವನು. ಅಪ್ಪನ ಹೋಟೆಲು ಬಿಟ್ಟು ಪೈಲಟ್ ಆಗಿ, ಒಬ್ಬ ವ್ಯಾಪಾರಿಯ ಸಣ್ಣ ವಿಮಾನ ಹಾರಿಸುತ್ತಿದ್ದ.

"ನಾಲ್ಕು ತಿಂಗಳಿಂದ ಮನೇಲೇ ಕೂತಿದ್ದಿ. ನಾಳೆ ಪ್ಲೇನ್ ಚೆಕ್ ಮಾಡ್ಲಿಕ್ಕೆ ಒಂದು ರೌಂಡ್ ಉಂಟು. ಬಾ ಮಾರಾಯ."

"ಕೆಡವತಿ ಏನಲೇ?"

"ಬಿದ್ರೆ ಇಬ್ರೂ ಒಟ್ಟಿಗೆ. ನಿಂಗೆ ಕಂಪನಿ ಉಂಟಲ್ಲ!"

ಮರುದಿನ ಹತ್ತು ಗಂಟೆಗೆ ಜುಹೂವಿನಿಂದ ಹಾರಿದೆವು. ಇಂಜಿನಿನ ಸದ್ದಿನಲ್ಲಿ ಬರಿಗಿವಿಗೆ ಏನೂ ಕೇಳುವುದಿಲ್ಲ. ಹೆಡ್‌ಫೋನಿನ ಮೈಕಿನಲ್ಲೇ ಮಾತು. ಹಿಂದಿನ ಎರಡು ಸೀಟು ಖಾಲಿ. ಅಲ್ಲಿನ ಹೆಡ್‌ಫೋನುಗಳನ್ನು ಅವನು ವಿಮಾನ ನಿಲ್ಲಿಸುವ ಶೆಡ್ಡಿನಲ್ಲೇ ಬಿಟ್ಟು ಬಂದಿದ್ದ. ಕೆಳಗೆ ಊರು ಸರಿಯಾಗಿ ಕಾಣಲಿಲ್ಲ. ಚಳಿಗಾಲದ ಬೂದು ಹೊಗೆಯಲ್ಲಿ ಬಿಲ್ಡಿಂಗುಗಳ ತುದಿ ಮಾತ್ರ. ಗೊರಾಯಿ ದಾಟಿ ಕಡಲ ಮೇಲೆ ಬಂದಾಗ ಸುಧಾಕರ, "ಮೈಕ್ ಸ್ವಲ್ಪ ದೂರ ಮಾಡು. ನಿನ್ನ ಉಸಿರೇ ಕೇಳ್ತದೆ," ಎಂದ.

ನನಗೂ ಕೇಳುತ್ತಿತ್ತು. ಮೈಕನ್ನು ಹಣೆಯ ಮೇಲಕ್ಕೆ ಸರಿಸಿದೆ. ನಿಲ್ಲಲಿಲ್ಲ. ಉಸಿರು ಬಿಗಿಹಿಡಿದೆ. ಆದರೂ ಅದೇ ಸಣ್ಣ ಸಿಳ್ಳೆ, ಆಮೇಲೆ ಆ ತಡೆ. ಸುಧಾಕರ ಕೈಚಾಚಿ ನನ್ನ ಮೈಕಿನ ಪಿನ್ ಕಿತ್ತ. ತನ್ನ ಮೈಕನ್ನು ಅಂಗೈಯಲ್ಲಿ ಮುಚ್ಚಿದ. ಉಸಿರು ಹಾಗೆಯೇ ಇತ್ತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಹಿಂದೆ ತಿರುಗಲು ನನಗೆ ಧೈರ್ಯವಾಗಲಿಲ್ಲ.

ಉಸಿರುಗಳ ನಡುವಿನ ಅಂತರ ಹೆಚ್ಚುತ್ತ ಹೋಯಿತು. ಒಂದು ಉದ್ದನೆಯದು. ಬಹಳ ಹೊತ್ತಿನ ಮೇಲೆ ಒಂದು ಚಿಕ್ಕದು, ಮಗು ನಿದ್ದೆಯಲ್ಲಿ ಬಿಕ್ಕಿದ ಹಾಗೆ. ಮತ್ತೆ ಬರಲಿಲ್ಲ.

ಇಳಿದ ಮೇಲೆ ಮೆಕ್ಯಾನಿಕ್ ವೈರುಗಳನ್ನೆಲ್ಲ ಬಿಚ್ಚಿ ನೋಡಿದ. ದೋಷ ಸಿಗಲಿಲ್ಲ. "ಬೇರೆ ಯಾರದ್ದೋ ರೇಡಿಯೋ ಸಿಕ್ಕಿರ್ಬೇಕು," ಎಂದ ಸುಧಾಕರ. ಆದರೆ ಕಾರಿನ ಕೀಯನ್ನು ನನ್ನ ಕೈಗೆ ಕೊಟ್ಟ. ತಾನು ಪಕ್ಕದ ಸೀಟಿನಲ್ಲಿ ಕುಳಿತ.

ಆ ವಾರವೇ ಮಗಳು ಬಂದಳು. ಕ್ಯಾಂಟೀನಿನ ವಿಷಯ ಹೇಳಿಬಿಟ್ಟೆ. ಅವಳು ಸಿಟ್ಟಾಗಲಿಲ್ಲ. "ಮತ್ಲಬ್, ಅಮ್ಮ ಅಕೇಲಿ ಇದ್ಲು, ಒಬ್ಬಳೇ," ಎಂದಳು. ಆಮೇಲೆ, "ತ್ರಾಸ್ ಆಯ್ತಾ ಅವಳಿಗೆ?"

"ಇಲ್ಲ ಅನೂ. ಒಂದು ಉದ್ದ ಉಸಿರು ತಗೊಂಡ್ಳು. ಆಮ್ಯಾಲೆ ಒಂದು ಸಣ್ಣದು. ಅಷ್ಟ."

"ನೀವು ಅಲ್ಲಿ ಇರ್ಲೇ ಇಲ್ಲಲ್ಲಪ್ಪಾ. ನಿಮಗೆ ಹೇಗೆ ಗೊತ್ತು?"

"ಸಿಸ್ಟರ್ ಹೇಳಿದ್ರು," ಎಂದೆ.

ಸಿಸ್ಟರ್ ನನಗೆ ಏನೂ ಹೇಳಿರಲಿಲ್ಲ. ಮಗಳು ನಂಬಿದಳು, ಕಣ್ಣೊರೆಸಿಕೊಂಡಳು. ಅಂದು ರಾತ್ರಿ ಎಷ್ಟೋ ತಿಂಗಳ ಮೇಲೆ ಸರಿಯಾಗಿ ಉಂಡಳು. ನಾನು ಅವಳಿಗೆ ಹೇಳಿದ್ದು ನಿಜವೋ ಸುಳ್ಳೋ, ನನಗೆ ಇವತ್ತಿಗೂ ಗೊತ್ತಿಲ್ಲ.