ತುಳಸಿಗೆ ಹಾಕಿದ ಎರಡನೆಯ ಬಾಟಲಿ

ರಾಜಧಾನಿಯ ದ್ವಾರಕಾ ಬಡಾವಣೆಯ ಆ ಫ್ಲ್ಯಾಟು ನಮಗೆ ಸಿಕ್ಕಿದ್ದು ಒಂದೇ ಷರತ್ತಿನ ಮೇಲೆ. ಮನೆಯೊಳಗೆ ಮೀನು, ಮಾಂಸ, ಮೊಟ್ಟೆ ಬರಕೂಡದು. ಮನೆಯೊಡತಿ ಪಕ್ಕದ ಫ್ಲ್ಯಾಟಿನಲ್ಲೇ ಇದ್ದರು, ಗಂಡ ತೀರಿಕೊಂಡ ಮೇಲೆ ಒಬ್ಬರೇ. ನಾನೂ ನನ್ನ ಗಂಡನೂ ಕರಾವಳಿಯವರು, ಮೀನಿಲ್ಲದ ಊಟವನ್ನು ಊಟವೆಂದೇ ಎಣಿಸದ ಜನ. ಆದರೆ ತಿಂಗಳುಗಟ್ಟಲೆ ಮನೆ ಹುಡುಕಿ ಸುಸ್ತಾಗಿತ್ತು. ತಲೆಯಾಡಿಸಿ ಬೀಗದ ಕೈ ತೆಗೆದುಕೊಂಡೆವು. ಕೊಟ್ಟ ಮಾತಿಗೆ ತಪ್ಪಲೂ ಇಲ್ಲ. ಆಸೆಯಾದಾಗ ಹೊರಗೆ ಹೋಗಿ ತಿಂದು, ಬಾಯಿಗೆ ಸೋಂಪು ಹಾಕಿಕೊಂಡು, ಕಳ್ಳರ ಹಾಗೆ ಲಿಫ್ಟ್ ಹತ್ತುತ್ತಿದ್ದೆವು. ಅದು ನನಗೆ ಅವಮಾನವೆನಿಸುತ್ತಿತ್ತು, ಈಗಲೂ ಅನಿಸುತ್ತದೆ.

ಬಾಲ್ಕನಿಯಲ್ಲಿ ಬಸಳೆಯನ್ನೂ ಮಲ್ಲಿಗೆಯನ್ನೂ ನೆಟ್ಟೆ. ಮೊದಲ ಚಳಿಗಾಲಕ್ಕೇ ಎರಡೂ ಸೊರಗಿ ಕಡ್ಡಿಯಾದವು. ರಸ್ತೆ ಬದಿಯ ನರ್ಸರಿಯ ಭಯ್ಯಾ ಸಗಣಿ ಗೊಬ್ಬರದ ಜತೆ ಒಂದು ಬಾಟಲಿ ಕೊಟ್ಟ. ಸಮುದ್ರದ ಪಾಚಿಯಿಂದ ತೆಗೆದ ಟಾನಿಕ್ಕಂತೆ; ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ ಸಾಕು, ಬೇರು ಗಟ್ಟಿಯಾಗುತ್ತದೆ ಎಂದ. ಮನೆಗೆ ಬಂದು ತೆರೆದರೆ ನೀರಿಳಿದ ಹೊತ್ತಿನ ನಮ್ಮೂರ ಕಡಲ ದಡದ ವಾಸನೆ. ಬಾಲ್ಕನಿಯ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಅರ್ಧ ಗಂಟೆಯೊಳಗೆ ಬೆಲ್ ಆಯಿತು. ಮನೆಯೊಡತಿ, ನಾವು ಆಂಟಿ ಎನ್ನುತ್ತಿದ್ದೆವು, ಮೂಗಿಗೆ ಸೆರಗು ಹಿಡಿದು ನಿಂತಿದ್ದರು. ಏನು ಬೇಯಿಸುತ್ತಿದ್ದೀ ಎಂದು ಕೇಳಿದರು. ನನಗೆ ಕೋಪ ಮೂಗಿನ ತುದಿಯಲ್ಲೇ. ಅವರನ್ನು ಅಡಿಗೆಮನೆಗೆ ಕರೆದೊಯ್ದು ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದೆ. ಆಮೇಲೆ ಬಾಲ್ಕನಿಗೆ ಕರೆದೊಯ್ದು ಬಾಟಲಿಯನ್ನು ಅವರ ಮುಖದ ಹತ್ತಿರವೇ ಹಿಡಿದೆ. ಇದು ಸಮುದ್ರದ ಸೊಪ್ಪು, ನಿಮ್ಮ ಪಾಲಕ್‌ನಷ್ಟೇ ಸಸ್ಯಾಹಾರಿ ಎಂದೆ. ಅವರ ಮುಖ ಸಣ್ಣದಾಯಿತು. ಹೋಗುವಾಗ ಬಾಗಿಲಲ್ಲಿ ನಿಂತು, ತಮ್ಮ ತುಳಸಿಯೂ ಚಳಿಗೆ ಸೊರಗಿದೆ, ಅದಕ್ಕೂ ಸ್ವಲ್ಪ ಕೊಡುತ್ತೀಯಾ ಎಂದರು.

ಹಾಗೆ ಹತ್ತಿರವಾದೆವು. ವಾರಕ್ಕೊಮ್ಮೆ ಬಕೆಟ್ಟಿನಲ್ಲಿ ಕಲಸಿ ಅರ್ಧ ನನ್ನ ಗಿಡಗಳಿಗೆ, ಅರ್ಧ ಅವರ ತುಳಸಿಗೆ. ಬೇಸಗೆ ಬರುವಷ್ಟರಲ್ಲಿ ತುಳಸಿ ಪೊದೆಯಾಯಿತು. ಸ್ನಾನ ಮಾಡಿ ಅದರ ದಳ ಕಿತ್ತು, ಕೃಷ್ಣನ ನೈವೇದ್ಯದ ಮೇಲಿಟ್ಟು, ಆಮೇಲೆ ಪ್ರಸಾದವೆಂದು ನನ್ನ ಮಗಳ ಬಾಯಿಗೆ ಹಾಕುತ್ತಿದ್ದರು. ಮಗಳಿಗೆ ಆಗ ನಾಲ್ಕು ವರ್ಷ. ನಾನು ಗುರ್ಗಾಂವ್‌ನ ಆಫೀಸಿನಿಂದ ಬರುವ ತನಕ ಅವರಲ್ಲೇ ಇರುತ್ತಿದ್ದಳು, ಅವರನ್ನು ಹಿಂದಿಯವರ ಹಾಗೆ ದಾದಿ, ಅಂದರೆ ಅಜ್ಜಿ, ಎನ್ನುತ್ತಿದ್ದಳು, ನಾನು ಕನ್ನಡದಲ್ಲಿ ಕರೆದರೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಹೊಟ್ಟೆಕಿಚ್ಚಾಗುತ್ತಿತ್ತು. ಆದರೆ ಅವರಿಲ್ಲದಿದ್ದರೆ ನನ್ನ ಕೆಲಸ ಉಳಿಯುತ್ತಿರಲಿಲ್ಲ.

ಮರುವರ್ಷ ಬಾಟಲಿ ಮುಗಿದಾಗ ನರ್ಸರಿಯಲ್ಲಿ ಅದೇ ಇರಲಿಲ್ಲ. ಭಯ್ಯಾ ಬೇರೆಯದನ್ನು ಕೊಟ್ಟು, ಅದೇ ಮಾಲು, ಇನ್ನೂ ಜೋರು ಎಂದ. ಅಲ್ಲೇ ಮುಚ್ಚಳ ತೆಗೆದು ಮೂಸಿದೆ. ಪಾಚಿಯ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು. ಅಂಗಳದಲ್ಲಿ ಚಾಪೆ ಹಾಸಿ ಮೀನು ಒಣಗಿಸುವ ಮನೆಯಲ್ಲಿ ಬೆಳೆದವಳು ನಾನು. ಲೇಬಲ್ಲಿನ ಸಣ್ಣ ಅಕ್ಷರ ಓದುವ ಅಗತ್ಯ ನನಗಿರಲಿಲ್ಲ. ಓದಲೂ ಇಲ್ಲ. ಮನೆಗೆ ತಂದು ಬಕೆಟ್ಟಿಗೆ ಸುರಿದೆ, ಕಲಸಿದೆ, ಎಂದಿನಂತೆ ಅರ್ಧವನ್ನು ಪಕ್ಕದ ಬಾಲ್ಕನಿಗೆ ದಾಟಿಸಿದೆ. ಒಳಗೆಲ್ಲೋ ಖುಷಿಯಾಯಿತು. ಪಾತ್ರೆಗಳನ್ನು ತೆರೆದು ತೋರಿಸಬೇಕಾಗಿ ಬಂದ ದಿನದ ಸಿಟ್ಟು ಇನ್ನೂ ಆರಿರಲಿಲ್ಲ. ಆಂಟಿ ಈ ಸಲ ವಾಸನೆಯ ಮಾತೇ ಎತ್ತಲಿಲ್ಲ.

ಖುಷಿ ಒಂದು ವಾರವೂ ಬಾಳಲಿಲ್ಲ. ಆದರೂ ಮೂರು ತಿಂಗಳು ಹಾಕಿದೆ, ಏಕೆಂದರೆ ನಿಲ್ಲಿಸಬೇಕಾದರೆ ಕಾರಣ ಹೇಳಬೇಕಾಗುತ್ತಿತ್ತು. ಜೂನ್ ತಿಂಗಳ ಉರಿಯಲ್ಲಿ ಒಂದು ಏಕಾದಶಿ ಬಂತು. ಆಂಟಿ ಆ ದಿನ ಹನಿ ನೀರೂ ಕುಡಿಯಲಿಲ್ಲ. ಮರುದಿನ ಬೆಳಿಗ್ಗೆ ಮಗಳನ್ನು ಬಿಡಲು ಹೋದಾಗ, ಒಣಗಿದ ತುಟಿಯ ಮೇಲೆ ತುಳಸಿಯ ದಳವೊಂದನ್ನು ಇಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಮಗಳನ್ನು ಒಳಗೆ ಬಿಟ್ಟು, ಅವರನ್ನು ಕರೆಯದೆ ಹೊರಟುಬಂದೆ.

ಅವತ್ತು ಸಂಜೆ ಗಂಡನ ಕೈಗೆ ಬಾಟಲಿ ಕೊಟ್ಟು ಓದಿಸಿದೆ. ಮೀನಿನ ಸಾರ ಎಂದು ಸ್ಪಷ್ಟವಾಗಿಯೇ ಇತ್ತು. ಮಣ್ಣಿಗೆ ಬಿದ್ದ ಮೇಲೆ ಮೀನು ಯಾವುದು, ಸೊಪ್ಪು ಯಾವುದು ಎಂದ. ಆಮೇಲೆ ದನಿ ತಗ್ಗಿಸಿದ.

"ಹೇಳಿದ್ರೆ ಮನೆ ಖಾಲಿ ಮಾಡಿ ಅಂತಾರೆ. ಮಗೂನ ಎಲ್ಲಿ ಬಿಡ್ತೀಯಾ? ಬಾಟ್ಲಿ ಎಸೆದು ಸುಮ್ನಿರು."

ಬುದ್ಧಿವಂತಿಕೆಯ ಮಾತೇ. ಆದರೆ ಮಾರನೆಯ ದಿನ ರಜೆ ಹಾಕಿ, ಬಾಟಲಿ ಹಿಡಿದು ಆಂಟಿಯ ಮನೆಗೆ ಹೋದೆ. ಇದರಲ್ಲಿ ಮೀನಿದೆ, ತುಳಸಿಗೆ ಇದನ್ನೇ ಹಾಕಿದ್ದೇನೆ ಎಂದೆ. ಅವರು ಕನ್ನಡಕ ಹಾಕಿಕೊಂಡು ಲೇಬಲ್ಲನ್ನು ಮೇಲಿಂದ ಕೆಳಗೆ ಓದಿದರು. ಮಗಳು ಪಕ್ಕದಲ್ಲೇ ಕೂತು ಕಾಗದದ ಮೇಲೆ ಗೀಚುತ್ತಿದ್ದಳು.

"ಕಬ್ ಸೇ ಪತಾ ಥಾ, ಬೇಟಾ?" ಎಂದರು. ಯಾವಾಗಿನಿಂದ ಗೊತ್ತಿತ್ತು?

ಬೈಗುಳಕ್ಕೆ ಸಿದ್ಧಳಾಗಿ ಹೋಗಿದ್ದೆ, ಮನೆ ಬಿಡುವುದಕ್ಕೂ ಸಿದ್ಧಳಾಗಿದ್ದೆ. ಈ ಪ್ರಶ್ನೆಗೆ ಸಿದ್ಧಳಿರಲಿಲ್ಲ.

"ಲೇಬಲ್ ನಿನ್ನೆ ಓದಿದೆ ಆಂಟಿ" ಎಂದೆ.

ಅವರು ಅತ್ತರು. ಅಳುತ್ತಲೇ ನನ್ನ ತಲೆ ಸವರಿ, ನಿನ್ನ ತಪ್ಪೇನಿದೆ, ಬಂದು ಹೇಳಿದೆಯಲ್ಲ, ಅಷ್ಟು ಸಾಕು ಎಂದರು. ಕೃಷ್ಣನಿಗೆ ಗಂಗಾಜಲದ ಸ್ನಾನವಾಯಿತು. ತುಳಸಿಯನ್ನು ಬೇರು ಸಮೇತ ಪಾರ್ಕಿನ ಮೂಲೆಗೆ ಕಳಿಸಿದರು. ಸಂಜೆ ನನ್ನನ್ನೂ ಮಗಳನ್ನೂ ಕರೆದುಕೊಂಡು ಹೊಸ ಗಿಡ ತರಲು ನರ್ಸರಿಗೆ ಹೊರಟರು.

ಅಲ್ಲಿ ಗಿರಾಕಿಗಳೆಲ್ಲ ನಿಂತು ನೋಡುವಂತೆ ಭಯ್ಯಾನಿಗೆ ಛೀಮಾರಿ ಹಾಕಿದರು. ಮೋಸಗಾರ ಎಂದರು, ಪಾಪ ತಟ್ಟುತ್ತದೆ ಎಂದರು. ತನಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಬಾಟಲಿಯಲ್ಲಿ ಏನಿದೆಯೆಂದು ತನಗೇನು ಗೊತ್ತು ಎಂದು ಅವನು ಕೈಮುಗಿದ. ಕೊನೆಗೆ ನನ್ನ ಕಡೆ ತಿರುಗಿದ. ಮೇಡಂ ಇಲ್ಲೇ ಮುಚ್ಚಳ ತೆಗೆದು ಮೂಸಿ, ನಗುತ್ತಾ ತೆಗೆದುಕೊಂಡು ಹೋದರಲ್ಲ, ಅವರನ್ನೇ ಕೇಳಿ ಎಂದ.

ಆಂಟಿ ನನ್ನನ್ನು ಕೇಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

"ಮೇರಿ ಬಚ್ಚೀ ಪರ್ ಮತ್ ಡಾಲ್" ಎಂದರು ಅವನಿಗೆ. ತಪ್ಪನ್ನು ನನ್ನ ಮಗಳ ಮೇಲೆ ಹಾಕಬೇಡ; ಮಗಳೆಂದದ್ದು ನನ್ನನ್ನು.

ನಾನು ತುಟಿ ಬಿಚ್ಚಲಿಲ್ಲ. ರಸ್ತೆ ದಾಟುವಾಗ ಅವರು ಒಂದು ಕೈಯಲ್ಲಿ ನನ್ನ ಮಗಳನ್ನೂ ಇನ್ನೊಂದರಲ್ಲಿ ನನ್ನನ್ನೂ ಹಿಡಿದುಕೊಂಡಿದ್ದರು.